ಖಾಲಿ ಲೋಟ

ಬೇಕರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಓದುತ್ತಲೇ ಕೆಲಸ ಕಲಿಯಲು ಬಂದವಳೆಂದು ಮಾಸ್ಟರ್ ಮೊದಲ ದಿನವೇ ‘ಕಾಲೇಜು’ ಎಂದು ಕೂಗಿದ್ದರು, ಅದೇ ಅಂಟಿಕೊಂಡಿತು. ಕಾಲೇಜು, ಮೊಟ್ಟೆ ಒಡಿ. ಕಾಲೇಜು, ಹಿಟ್ಟು ಜರಡಿ ಹಿಡಿ. ಹೀಗೆ ಆರು ತಿಂಗಳು ಕಳೆದು ಇವತ್ತು ಕೊನೆಯ ದಿನ. ಮೂರಂತಸ್ತಿನ ಮದುವೆ ಕೇಕನ್ನು ಒಬ್ಬಳೇ ಕಟ್ಟಬೇಕು. ಅದು ಸರಿಬಂದರೆ ತರಬೇತಿ ಪತ್ರಕ್ಕೆ ಮಾಸ್ಟರ್ ಸಹಿ, ಆ ಪತ್ರ ಐದು ಗಂಟೆಯೊಳಗೆ ಕಾಲೇಜಿನ ಕಚೇರಿಗೆ. ತಪ್ಪಿದರೆ ಇನ್ನೂ ಆರು ತಿಂಗಳು, ಅದೂ ಮೊದಲಿನಿಂದ.

ಮನೆಯಲ್ಲಿ ಅಮ್ಮ ಆ ಸಹಿಗಾಗಿ ಜಪ ಮಾಡುತ್ತಿದ್ದಳು. ಕೇಕು ಬೇಯಿಸೋಕೂ ಓದಬೇಕಾ ಎಂದು ಚಿಕ್ಕಪ್ಪ ಬಂದಾಗಲೆಲ್ಲ ನಗುತ್ತಿದ್ದ. ಅವನ ಬಾಯಿ ಮುಚ್ಚಿಸಲು ಅಮ್ಮನಿಗೆ ಒಂದು ಕಾಗದ ಬೇಕಿತ್ತು.

ಮಾಸ್ಟರ್ ಹೆಚ್ಚು ಮಾತಿನವರಲ್ಲ. ಮೂಗಿನ ತುದಿಯಲ್ಲೇ ಕೋಪ. ಆದರೆ ಅವರ ಒಂದು ಕಟ್ಟಳೆ ಬೇಕರಿಯ ಗೋಡೆಗಳಿಗೂ ಬಾಯಿಪಾಠವಾಗಿತ್ತು. ಅಂತಸ್ತಿನ ಕೇಕಿನಲ್ಲಿ ಮೇಲಿನದರ ಭಾರ ಕೆಳಗಿನದು ಹೊರಲಾರದು. ಅದರೊಳಗೆ ನೆಟ್ಟ ಕಡ್ಡಿಗಳು ಹೊರಬೇಕು. ಆ ಕಡ್ಡಿಗಳನ್ನು ಮಾಸ್ಟರ್ ತಾವೇ ಅಳೆದು, ಕತ್ತರಿಸಿ, ಎಣಿಸಿ ಒಂದು ಸ್ಟೀಲ್ ಲೋಟದಲ್ಲಿ ಇಡುತ್ತಿದ್ದರು. ಲೋಟ ಖಾಲಿಯಾಗದೆ ಕೇಕು ಬಾಗಿಲು ದಾಟುವಂತಿಲ್ಲ. ಕೇಕಿನ ಹೊಟ್ಟೆಯೊಳಗೆ ಇಣುಕಲು ಆಗುವುದಿಲ್ಲ, ಲೋಟದೊಳಗೆ ಇಣುಕಬಹುದು ಎನ್ನುತ್ತಿದ್ದರು.

ಇವತ್ತು ಲೋಟದಲ್ಲಿ ಒಂಬತ್ತು ಕಡ್ಡಿಗಳಿದ್ದವು. ಕೆಳಗಿನ ಅಂತಸ್ತಿಗೆ ಐದು, ನಡುವಿನದಕ್ಕೆ ನಾಲ್ಕು. ಐದನ್ನು ನೆಟ್ಟು, ಅದರ ಮೇಲೆ ನಡುವಿನದನ್ನು ಕೂರಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸಹಿ ಆಯ್ತಾ ಎಂದು ಅಮ್ಮ. ಇಲ್ಲಮ್ಮ, ಆಮೇಲೆ ನಾನೇ ಫೋನ್ ಮಾಡ್ತೀನಿ ಎಂದು ಇಟ್ಟು, ಕೈ ತೊಳೆದು ಬಂದವಳು ನೇರವಾಗಿ ಮೇಲಿನ ಅಂತಸ್ತನ್ನು ಎತ್ತಿ ಕೂರಿಸಿಬಿಟ್ಟಳು. ಆಮೇಲೆ ಎರಡು ಗಂಟೆ ಕಾಲ ತಲೆ ಎತ್ತಲಿಲ್ಲ. ಸುತ್ತಲೂ ಕ್ರೀಮಿನ ಗುಲಾಬಿ ಅರಳಿಸಿದಳು, ಒಂದೊಂದು ಎಸಳೂ ಬೇರೆ ಬೇರೆ. ತನ್ನ ಕೈಕೆಲಸಕ್ಕೆ ತಾನೇ ಮರುಳಾಗಿ ನಿಂತಳು.

ಮೇಜು ಒರೆಸಲು ಬಟ್ಟೆ ಎತ್ತಿದಾಗ ಅದರ ಕೆಳಗೆ ಲೋಟ ಕಂಡಿತು. ಒಳಗೆ ನಾಲ್ಕು ಕಡ್ಡಿ.

ನಡುವಿನ ಅಂತಸ್ತಿಗೆ ನೆಡಬೇಕಿದ್ದವು. ಬಾಗಿಲಲ್ಲಿ ವ್ಯಾನು ಹಾರ್ನ್ ಹೊಡೆಯುತ್ತಿತ್ತು, ಹೊರಗಿನ ಮೆಟ್ಟಿಲಲ್ಲಿ ಮಾಸ್ಟರ್ ಚಪ್ಪಲಿಯ ಸದ್ದು. ಹೇಳಿದರೆ ಗುಲಾಬಿಗಳನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕು, ಸಹಿಯೂ ಹೋಯಿತು. ಯೋಚಿಸಿದ್ದಳೆಂದು ಹೇಳುವಂತಿಲ್ಲ, ಕೈ ತಾನಾಗಿ ಹೋಯಿತು. ನಾಲ್ಕೂ ಕಡ್ಡಿ ಏಪ್ರನ್ನಿನ ಜೇಬು ಸೇರಿದವು.

ಮಾಸ್ಟರ್ ಒಳಗೆ ಬಂದು ಕೇಕಿನ ಕಡೆ ಅರೆಗಣ್ಣು ಹಾಯಿಸಿದರು. ಆಮೇಲೆ ಲೋಟ ಎತ್ತಿ, ಒಳಗೆ ನೋಡಿ, ಬೋರಲು ಹಾಕಿದರು. ಜೇಬಿನಿಂದ ಪೆನ್ನು ತೆಗೆದು ಪತ್ರಕ್ಕೆ ಸಹಿ ಮಾಡಿ ಅವಳ ಕೈಗಿಟ್ಟರು. “ಹೊರಡು,” ಎಂದರು.

ದಾರಿಯಲ್ಲಿ ಬೇಕಾದೀತೆಂದು ಚಾಕು, ಕ್ರೀಮಿನ ಚೀಲ ಎತ್ತಿಕೊಂಡು ವ್ಯಾನಿನ ಹಿಂಭಾಗದಲ್ಲಿ ಕೇಕಿನ ಪಕ್ಕ ಕಾಲು ಮಡಚಿ ಕೂತಳು. ವ್ಯಾನು ಓಡಿಸುವ ಅಣ್ಣ ಊರಿನ ರಸ್ತೆಯ ಹಂಪುಗಳನ್ನೆಲ್ಲ ಬೈಯುತ್ತಾ ಹೊರಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಂದೊಂದು ಹಂಪಿಗೂ ಅವಳ ಕೈ ಜೇಬಿಗೆ ಹೋಗುತ್ತಿತ್ತು. ಮೂರನೆಯ ಹಂಪು ದಾಟಿದಾಗ ನಡುವಿನ ಅಂತಸ್ತಿನ ಕ್ರೀಮಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು. ನಾಲ್ಕನೆಯದಕ್ಕೆ ಮೇಲಂತಸ್ತು ಅವಳ ಕಡೆಗೆ ವಾಲಿತು. ತಡೆಯಲು ಕೈ ಚಾಚಿದಳು, ಮುಟ್ಟಿದರೆ ಬೆರಳಚ್ಚು ಬೀಳುತ್ತದೆಂದು ಹಿಂದೆಗೆದಳು.

“ಅಣ್ಣ, ನಿಲ್ಲಿಸಿ. ಕೇಕು ಕುಸೀತಿದೆ.”

ಅಣ್ಣ ಹಿಂದಿನ ಬಾಗಿಲು ತೆಗೆದು ನೋಡಿದ, ಅವಳ ಕೈಯಲ್ಲಿದ್ದ ಕಡ್ಡಿಗಳನ್ನೂ ನೋಡಿದ, ಅಂಗಿಯ ತೋಳು ಮಡಚಿಕೊಂಡ. ಅವಳು ಚಪ್ಪಟೆ ಚಾಕುವನ್ನು ಮೇಲಂತಸ್ತಿನ ಅಡಿಯ ರಟ್ಟಿನ ಕೆಳಗೆ ತೂರಿಸಿ ಎಬ್ಬಿಸಿದಳು. ಅವನು ಎರಡೂ ಅಂಗೈಯಲ್ಲಿ ಅದನ್ನು ಹೊತ್ತು, ಆಗ ತಾನೇ ಹುಟ್ಟಿದ ಕೂಸನ್ನು ಹಿಡಿದವನಂತೆ ಉಸಿರು ಕಟ್ಟಿ ನಿಂತ. ಬೆವರು ಅವಳ ಹುಬ್ಬಿನಿಂದ ಇಳಿಯುತ್ತಿತ್ತು. ನಡುವಿನ ಅಂತಸ್ತಿನಲ್ಲಿ ಕಡ್ಡಿ ನೆಟ್ಟಳು, ಒಂದು, ಎರಡು, ಮೂರು, ನಾಲ್ಕು. ಕೇಕು ಅಷ್ಟರಲ್ಲಿ ಅರ್ಧ ಬೆರಳು ಕುಸಿದಿತ್ತು, ಹಾಗಾಗಿ ಕಡ್ಡಿಗಳ ತಲೆ ಹೊರಗೆ ಉಳಿಯಿತು. ಮೇಲಂತಸ್ತು ಭದ್ರವಾಗಿ ಕೂತಿತು, ಆದರೆ ನಡುವೆ ಸಂದು. ಚೀಲದಲ್ಲಿ ಉಳಿದಿದ್ದ ಕ್ರೀಮನ್ನು ಹಿಂಡಿ ಸಂದಿನ ಸುತ್ತ ಹಗ್ಗದಂತೆ ಹೆಣೆದಳು. ಕೊನೆಯ ಗೇಣಿಗೆ ಬರುವಷ್ಟರಲ್ಲಿ ಚೀಲ ಬರಿದಾಯಿತು. ಅಲ್ಲಿಗೆ ಬೇರೆಡೆಯಿಂದ ಎರಡು ಗುಲಾಬಿ ಕಿತ್ತು ಅಂಟಿಸಿದಳು.

“ನನ್ನ ಬಾಯಿಗೆ ಬೀಗ,” ಎಂದ ಅಣ್ಣ, ಬಾಗಿಲು ಮುಚ್ಚುತ್ತಾ.

ಮದುವೆ ಮನೆಯಲ್ಲಿ ಕೇಕು ನೆಟ್ಟಗೆ ನಿಂತಿತು. ಮದುಮಗಳ ತಾಯಿ ಆ ಕ್ರೀಮಿನ ಹಗ್ಗವನ್ನೇ ತೋರಿಸಿ, ಇದು ಎಷ್ಟು ಚೆಂದ ಎಂದರು. ಅವಳಿಗೆ ನಗಲೂ ಆಗಲಿಲ್ಲ.

ನಾಲ್ಕು ಗಂಟೆಗೆ ಬೇಕರಿಗೆ ಮರಳಿದಳು. ಪುಸ್ತಕದ ಚೀಲ ಹೆಗಲಿಗೇರಿಸಿದರೆ ಸಾಕು, ಕಾಲೇಜು ಇಪ್ಪತ್ತು ನಿಮಿಷದ ದಾರಿ. ಕೇಕು ನೆಟ್ಟಗೆ ತಲುಪಿದೆ, ಯಾರಿಗೂ ನಷ್ಟವಿಲ್ಲ, ಮುಗಿದ ಕತೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಒಳಗೆ ಕಾಲಿಟ್ಟಳು. ಕೌಂಟರಿನಲ್ಲಿ ಮಾಸ್ಟರ್ ಹೆಂಡತಿ ಗಂಡನನ್ನು ಗದರುತ್ತಿದ್ದರು. ಅಷ್ಟು ದೊಡ್ಡ ಕೇಕನ್ನು ಸರಿಯಾಗಿ ನೋಡದೆ ಕಳಿಸಿದಿರಲ್ಲ, ಹೆಚ್ಚುಕಮ್ಮಿ ಆಗಿದ್ದರೆ ಎಂದು.

ಮಾಸ್ಟರ್ ಲೋಟ ತೊಳೆಯುತ್ತಿದ್ದರು. “ಇವಳ ಲೋಟ ನೋಡಿದ್ರೆ ಸಾಕು ಕಣೇ, ಕೇಕು ನೋಡೋದೇ ಬೇಡ,” ಎಂದರು.

ಆರು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಅದು ಅವಳ ಬಾಯಲ್ಲಿ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಅವಳಿಗೆ ನಾಚಿಕೆಯಾಯಿತು, ಹೆದರಿಕೆಗಿಂತ ಹೆಚ್ಚು.

“ಮಾಸ್ಟರ್, ಲೋಟದಲ್ಲಿ ನಾಲ್ಕು ಕಡ್ಡಿ ಉಳಿದಿತ್ತು. ನಾನೇ ಜೇಬಿಗೆ ಹಾಕ್ಕೊಂಡೆ.”

ಉಳಿದದ್ದನ್ನೂ ಹೇಳಿದಳು, ಹಂಪು, ಬಿರುಕು, ಹಗ್ಗ, ಎಲ್ಲ. ಬೈಗುಳ ಬರುತ್ತದೆಂದು ಕಾದಳು. ಮಾಸ್ಟರ್ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಕೈ ಚಾಚಿದರು. ಅವಳು ಪತ್ರ ಕೊಟ್ಟಳು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಲೋಟದೊಳಗೆ ತುರುಕಿ, ಲೋಟವನ್ನು ಎತ್ತರದ ಶೆಲ್ಫಿನ ಮೇಲಿಟ್ಟರು.

“ಕೇಕು ಉಳಿಸಿದ್ದೀಯ, ಅದು ಸರಿ. ಮರೆತದ್ದಕ್ಕೆ ಬೈದು ಸುಮ್ಮನಾಗ್ತಿದ್ದೆ. ಲೋಟಕ್ಕೆ ಸುಳ್ಳು ಹೇಳೋದು ಯಾಕೆ ಕಲಿಸಿದೆ?”

ಫೋನು ಮತ್ತೆ ಬಡಿದುಕೊಂಡಿತು. ಇನ್ನೂ ಆರು ತಿಂಗಳು ಆಗುತ್ತಮ್ಮ ಎಂದಳು. ಊಟ ಮಾಡಿದೆಯಾ ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಆರಕ್ಕೇ ಬಂದಳು. ಕಡ್ಡಿಗಳಿಗೆ ಬೇರೆ ಲೋಟ ಬಂದಿತ್ತು. ಎರಡಂತಸ್ತಿನ ಸಣ್ಣ ಕೇಕು, ನಾಲ್ಕೇ ಕಡ್ಡಿ. ನಾಲ್ಕನ್ನೂ ನೆಟ್ಟು, ಅಲಂಕಾರ ಮುಗಿಸಿ, ಖಾಲಿ ಲೋಟವನ್ನು ಕಣ್ಣಿಗೆ ಬೀಳುವ ಹಾಗೆ ಮೇಜಿನ ಅಂಚಿಗೆ ತಂದಿಟ್ಟಳು.

ಮಾಸ್ಟರ್ ಲೋಟದತ್ತ ನೋಡಲಿಲ್ಲ. ಉದ್ದನೆಯ ಸೂಜಿ ತಂದು, ಬಗ್ಗಿ, ಕೇಕಿನ ಬದಿಯಿಂದ ನಾಲ್ಕು ಕಡೆ ಚುಚ್ಚಿ, ಕಡ್ಡಿ ತಾಗುತ್ತದೆಯೇ ಎಂದು ಒಂದೊಂದನ್ನೂ ನೋಡಿಕೊಂಡು ಹೋದರು. ಅವಳು ಕ್ರೀಮಿನ ಚೀಲ ತೆಗೆದುಕೊಂಡು ಆ ನಾಲ್ಕು ತೂತುಗಳನ್ನು ಮುಚ್ಚತೊಡಗಿದಳು.