ಆರ್ಡಿಸಳ ಕೈಯಲ್ಲಿ ಮಾತ್ರ ಆರುವ ಲ್ಯಾಪ್‌ಟಾಪ್

ನನ್ನ ಗೆಳತಿ ಆರ್ಡಿಸಳ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿದವಳು ನಾನೇ. ಆದ್ದರಿಂದ ಅದು ನಡುವೆ ನಡುವೆ ಆರಿಹೋಗುತ್ತಿದೆ ಎಂಬ ಸುದ್ದಿ ಬಂದಾಗ ಮೊದಲು ಸಿಟ್ಟು ಬಂದದ್ದೂ ನನಗೇ. ದೂರವಾಣಿ ಕಂಪನಿಯಲ್ಲಿ ತಂತಿಗಳ ದೋಷ ಹುಡುಕುತ್ತಲೇ ತಲೆ ನರೆಸಿಕೊಂಡವಳು ನಾನು. ಈ ಲವೋನ್ ರಿಪೇರಿ ಮಾಡಿದ್ದು ಮತ್ತೆ ಕೆಡುವುದಿಲ್ಲ ಎಂಬ ಜಂಬ ನನಗಿದೆ. ಇವಳಿಗೆ ಜಂಬ ಹೆಚ್ಚು ಎಂದು ನಮ್ಮೂರಿನಲ್ಲಿ ಯಾರೂ ಇದುವರೆಗೆ ಅಂದಿಲ್ಲ. ಮಿನೆಸೋಟದ ಈ ಭಾಗದಲ್ಲಿ ಯಾರೂ ಯಾರ ಎದುರಿಗೂ ಏನನ್ನೂ ಅನ್ನುವುದಿಲ್ಲ.

ಹಳೆಯ ಬ್ಯಾಟರಿ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ಲ್ಯಾಪ್‌ಟಾಪಿನ ಹೊಟ್ಟೆಯನ್ನೇ ಎತ್ತಿಬಿಟ್ಟಿತ್ತು. ಅವಳ ಹೊಲಿಗೆ ಕೋಣೆಯಲ್ಲಿ ಕೂತು ಹಿಂಬದಿ ಬಿಚ್ಚಿದೆವು. ಎಳ್ಳಿನಷ್ಟು ಸಣ್ಣ ಸ್ಕ್ರೂಗಳು. ನಾನು ಒಂದೊಂದೇ ತೆಗೆದುಕೊಟ್ಟಂತೆ ಆರ್ಡಿಸ್ ಅವನ್ನು ಎಡಗೈ ಮಣಿಕಟ್ಟಿನ ಪಟ್ಟಿಯ ಮೇಲೆ ಅಂಟಿಸಿಕೊಂಡಳು. ಹೊಲಿಯುವಾಗ ಗುಂಡುಪಿನ್ನು ಹಿಡಿಯುವ ಪಟ್ಟಿ ಅದು, ಆ ವಾರವಷ್ಟೇ ಮಗಳು ಡೆನೀಸ್ ಹುಟ್ಟುಹಬ್ಬಕ್ಕೆ ಕೊಟ್ಟದ್ದು.

"ಜೋಪಾನ ಕಣೇ," ಅಂದೆ. "ಕೊನೇಲಿ ಒಂದು ಸ್ಕ್ರೂ ಮಿಕ್ಕಿದ್ರೆ ಅದು ನಿನ್ನ ತಲೇದು ಅಂತ ತಿಳ್ಕೋತೀನಿ."

"ನನ್ನ ತಲೇದು ಬಿದ್ದು ಎಷ್ಟು ಕಾಲ ಆಯ್ತೋ, ಈಗ ಹುಡುಕಿದ್ರೆ ಸಿಗಲ್ಲ ಬಿಡು," ಅಂದು ನಕ್ಕಳು.

ಒಂದೂ ಮಿಕ್ಕಲಿಲ್ಲ. ಹೊಸ ಬ್ಯಾಟರಿ ಸರಿಯಾಗಿ ಕೂತಿತು, ಚಾರ್ಜ್ ಏರಿತು. ಇಬ್ಬರೂ ಕಾಫಿ ಕುಡಿದೆವು.

ಆ ಲ್ಯಾಪ್‌ಟಾಪು ಆರ್ಡಿಸಳಿಗೆ ಬರೀ ಯಂತ್ರವಲ್ಲ. ಪ್ರತಿ ಗುರುವಾರ ಅದರ ಮುಂದೆ ಕೂತು ಅವಳು ಕೌದಿ ಹೊಲಿಯುವುದನ್ನು ಕಲಿಸುತ್ತಾಳೆ. ಡಕೋಟಾದ, ಮೊಂಟಾನಾದ ಒಂಟಿ ತೋಟದ ಮನೆಗಳಿಂದ ಹೆಂಗಸರು ಪರದೆಯ ಮೇಲೆ ಬಂದು ಕೂರುತ್ತಾರೆ. ಗಂಡ ಲೈಲ್ ತೀರಿಕೊಂಡ ಮೇಲೆ ಅವಳ ವಾರ ಶುರುವಾಗುವುದೇ ಗುರುವಾರದಿಂದ. ಬೇರೆ ದಿನಗಳೆಲ್ಲ ಅದರ ತಯಾರಿ.

ಬ್ಯಾಟರಿ ಹಾಕಿದ ಮೇಲಿನ ಮೊದಲ ಗುರುವಾರವೇ ಪಾಠದ ನಡುವೆ ಪರದೆ ಕಪ್ಪಾಯಿತು. ಗುಂಡಿ ಒತ್ತಿದರೆ ಮತ್ತೆ ಬೆಳಗಿತು, ಆದರೆ ಅಷ್ಟರಲ್ಲಿ ಕರೆ ಕಡಿದುಹೋಗಿತ್ತು. ಆಮೇಲೆ ಪಾಠಕ್ಕೊಮ್ಮೆಯಾದರೂ ಹಾಗೆ ಆಗತೊಡಗಿತು.

ನಾನು ಅದನ್ನು ಮನೆಗೆ ತಂದೆ. ಮತ್ತೆ ಬಿಚ್ಚಿದೆ. ಬ್ಯಾಟರಿಯ ತಂತಿಯನ್ನು ಕಿತ್ತು ಇನ್ನೊಮ್ಮೆ ಒತ್ತಿ ಕೂರಿಸಿದೆ. ಚಾರ್ಜರು ತೆಗೆದು ಗುಂಡಿಯನ್ನು ಉದ್ದಕ್ಕೆ ಒತ್ತಿಹಿಡಿದು, ಒಳಗೆ ಉಳಿದ ವಿದ್ಯುತ್ತನ್ನೆಲ್ಲ ಬಸಿದೆ. ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ, ಪೂರ್ತಿ ತುಂಬಿಸಿದೆ. ನನ್ನ ಅಡುಗೆಮನೆಯ ಮೇಜಿನ ಮೇಲೆ ಅದು ದಿನವಿಡೀ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಪೇಟೆಯ ಅಂಗಡಿಯವನೂ ನೋಡಿ, ಏನೂ ತೊಂದರೆಯಿಲ್ಲ ಎಂದು ಕೈಗೆ ಕೊಟ್ಟ. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಆರ್ಡಿಸಳ ಕೈಗೇ ಕೊಟ್ಟು ಕೂರಿಸಿದೆ. ಆಗಲೂ ಆರಲಿಲ್ಲ.

ಅವಳ ಹೊಲಿಗೆ ಕೋಣೆಯ ಗೋಡೆಯ ವಿದ್ಯುತ್ತೇ ಸರಿಯಿಲ್ಲವೇನೋ ಎಂದು ಅದನ್ನೂ ಅಳೆದೆ. ಸರಿಯಿತ್ತು. ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ನಾನೇ ಕೂತು ಬೇಸರ ಬರುವಷ್ಟು ಹೊತ್ತು ಟೈಪು ಮಾಡಿದೆ. ಏನೂ ಆಗಲಿಲ್ಲ. ಮರುದಿನ ಆರ್ಡಿಸ್ ಫೋನು ಮಾಡಿದಳು. "ಮತ್ತೆ ಆರಿಹೋಯ್ತು ಕಣೇ. ನಾನೇನೂ ಒತ್ತಲಿಲ್ಲ."

ಡೆನೀಸ್ ಪಕ್ಕದ ಪೇಟೆಯಲ್ಲಿರುತ್ತಾಳೆ, ಶಾಲೆಯಲ್ಲಿ ಟೀಚರು. ಒಳ್ಳೆಯ ಮಗಳೇ, ಆದರೆ ಎಲ್ಲರನ್ನೂ ಮೂರನೇ ಕ್ಲಾಸಿನ ಮಕ್ಕಳಂತೆ ಮಾತಾಡಿಸುತ್ತಾಳೆ. ಸೋಮವಾರ ಸಂಜೆ ಅಮ್ಮನ ಮನೆಗೆ ಬಂದಿದ್ದವಳು, ನನ್ನನ್ನು ಕಾರಿನವರೆಗೆ ಕಳಿಸಲು ಬಂದಾಗ ದನಿ ತಗ್ಗಿಸಿ ಅಂದಳು. "ಆಂಟಿ, ನೀವು ಸುಮ್ನೆ ಯಾಕೆ ಒದ್ದಾಡ್ತೀರಿ? ಅಮ್ಮನೇ ಏನೋ ಒತ್ತುತ್ತಾರೆ. ಒತ್ತಿದ್ದು ಅವರಿಗೆ ನೆನಪಿರಲ್ಲ. ಮುಂದಿನ ಸೋಮವಾರ ಮರೆವಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮರೆವಂತೆ! ನಾನು ಹೈಸ್ಕೂಲಿನಲ್ಲಿ ಯಾವ ಬಣ್ಣದ ಲಂಗ ಹಾಕಿ ಜಾರಿಬಿದ್ದೆ ಎಂಬುದನ್ನು ಈಗಲೂ ಎಲ್ಲರಿಗೂ ಹೇಳಿಕೊಂಡು ತಿರುಗುವವಳು ಈ ಆರ್ಡಿಸ್.

ಆದರೆ ಮರುದಿನ, ಮಂಗಳವಾರ, ಕಾಫಿಗೆ ಹೋದಾಗ ಅವಳೇ ಸೋತು ಕೂತಿದ್ದಳು. ಕ್ಲಾಸನ್ನು ತನ್ನ ಶಿಷ್ಯೆ ಜಾನೆಲ್‌ಗೆ ಬಿಟ್ಟುಕೊಡುತ್ತಾಳಂತೆ. ಗುರುವಾರ ಪಾಠ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿಬಿಡುತ್ತಾಳಂತೆ.

"ಜಾನೆಲ್‌ಗೆ ಮೂಲೆ ಮಡಚಿ ಹೊಲಿಯೋಕೆ ಬರಲ್ಲ," ಅಂದೆ.

"ಕಲೀತಾಳೆ. ಪರವಾಗಿಲ್ಲ."

ನಮ್ಮ ಕಡೆ ಯಾರಾದರೂ ಪರವಾಗಿಲ್ಲ ಅಂದರೆ ಗಾಬರಿಯಾಗಬೇಕು. ಲೈಲ್ ಆಸ್ಪತ್ರೆಯಲ್ಲಿದ್ದಾಗಲೂ ಅವಳು ಅದನ್ನೇ ಅಂದಿದ್ದಳು.

"ನಾನೇ ಒತ್ತುತ್ತಾ ಇರಬಹುದು ಲವೋನ್," ಅಂದಳು ಲೋಟ ನೋಡುತ್ತಾ. "ಒತ್ತಿ ಮರೀತಾ ಇರಬಹುದು. ಬೇರೆ ಯಾರಿಗೂ ಆಗಲ್ಲ, ನನಗೆ ಮಾತ್ರ ಆಗುತ್ತೆ ಅಂದ್ರೆ ಇನ್ನೇನು ಅರ್ಥ?"

ಬೇರೆ ಮಾತು ತೆಗೆಯಲು, ಹೋದ ವಾರ ಅದು ಆರಿದಾಗ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಕ್ಲಾಸಿನ ಇರ್ಮಾಗೆ ಕಾಗದ ಟೈಪು ಮಾಡ್ತಿದ್ದೆ ಅಂದಳು. ಮತ್ತೆ ಹೊಸದಾಗಿ ಬರೆಯಬೇಕಾಯಿತಾ ಅಂದೆ.

"ಇಲ್ಲಪ್ಪ. ಗುಂಡಿ ಒತ್ತಿದೆ, ಬಂತು. ಅರ್ಧ ಬರೆದಿದ್ದು ಅಲ್ಲೇ ಇತ್ತು."

ನಾನು ಕೈಯಲ್ಲಿದ್ದ ಬಿಸ್ಕತ್ತು ಕೆಳಗಿಟ್ಟೆ. ವಿದ್ಯುತ್ತು ಕಡಿದು ಯಂತ್ರ ನಿಂತಿದ್ದರೆ ಅದು ಮೊದಲಿನಿಂದ ಶುರುವಾಗಬೇಕು. ಉಳಿಸದ ಕಾಗದ ಹಾಳಾಗಬೇಕು. ಇಷ್ಟು ದಿನ ನಾವೆಲ್ಲ ಬ್ಯಾಟರಿಯ ಹಿಂದೆ ಬಿದ್ದಿದ್ದೆವು, ಬ್ಯಾಟರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅದು ಸಾಯುತ್ತಿರಲಿಲ್ಲ, ನಿದ್ದೆ ಹೋಗುತ್ತಿತ್ತು. ಯಾರೋ ಮುಚ್ಚಳ ಮುಚ್ಚಿದರೆ ಹೇಗೋ ಹಾಗೆ. ಆದರೆ ಮುಚ್ಚಳ ತೆರೆದೇ ಇತ್ತಲ್ಲ?

ಮನೆಗೆ ಹೋದವಳೇ ಇರ್ಮಾಗೆ ಫೋನು ಮಾಡಿದೆ. ಉತ್ತರ ಡಕೋಟಾದವಳು, ಪಾಠ ತಪ್ಪಿಸಿದವಳಲ್ಲ. ಆರ್ಡಿಸ್ ಮಾಯವಾಗುವುದನ್ನು ಆಚೆಯಿಂದ ಕಂಡವರು ಕ್ಲಾಸಿನ ಹೆಂಗಸರೇ. ಆದರೂ ಇದುವರೆಗೆ ಯಾರೂ ತುಟಿ ಬಿಚ್ಚಿರಲಿಲ್ಲ, ನಾವೂ ಕೇಳಿರಲಿಲ್ಲ. ಮೊದಲು ಹಿಮದ ವಿಷಯ ಆಯಿತು. ಆಮೇಲೆ ಅವಳ ಸೊಂಟದ ಆಪರೇಷನ್ನು, ಅವಳ ತಮ್ಮನ ಟ್ರಾಕ್ಟರು. ಇವೆಲ್ಲ ದಾಟದೆ ನಮ್ಮವರ ಬಾಯಿಂದ ವಿಷಯ ಬರುವುದಿಲ್ಲ.

"ಇರ್ಮಾ, ಆರ್ಡಿಸ್ ಮಾಯ ಆಗ್ತಾಳಲ್ಲ, ಆಗ ನಿಮಗೆ ಏನು ಕಾಣುತ್ತೆ?"

"ಅಯ್ಯೋ, ಅದನ್ನೆಲ್ಲ ಯಾಕೆ ಹೇಳೋದು? ಅವಳಿಗೆ ಸುಸ್ತಾಗಿರುತ್ತೆ ಪಾಪ ಅಂತ ನಾವು ಸುಮ್ಮನಿರ್ತೀವಿ."

"ಹೇಳು ಪರವಾಗಿಲ್ಲ."

"ಏನಿಲ್ಲ, ಹೊಲಿದು ತೋರಿಸುವಾಗ ಚೆನ್ನಾಗೇ ಇರ್ತಾಳೆ. ನಾವು ಏನಾದ್ರೂ ಬರೆದು ಕೇಳಿದ್ರೆ, ಓದೋಕೆ ಅಂತ ಬಗ್ಗಿ ಕೈ ಊರ್ತಾಳೆ ನೋಡು, ಆಗಲೇ ಹೋಗೋದು. ತಪ್ಪು ತಿಳ್ಕೋಬೇಡ, ನಾನು ಹೇಳಿದೆ ಅಂತ ಹೇಳಬೇಡ."

ಇಷ್ಟು ಜನ ಕಣ್ಣಾರೆ ಕಂಡು, ಮರ್ಯಾದೆಗೆಂದು ಬಾಯಿ ಮುಚ್ಚಿ ಕೂತಿದ್ದರು. ಫೋನಿಟ್ಟು ನಮ್ಮ ಜನರನ್ನೆಲ್ಲ ಒಟ್ಟಿಗೆ ಬೈದೆ.

ಗುರುವಾರ ಬೆಳಿಗ್ಗೆಯೇ ಆರ್ಡಿಸಳ ಹೊಲಿಗೆ ಕೋಣೆಗೆ ಹೋದೆ. "ನೀನು ಪಾಠ ಮಾಡೋ ಹಾಗೇ ಕೂತ್ಕೋ," ಅಂದೆ. "ನಾನಿಲ್ಲ ಅಂದ್ಕೋ."

"ಇಷ್ಟು ದಪ್ಪ ಇರೋಳನ್ನ ಇಲ್ಲ ಅಂದ್ಕೊಳ್ಳೋದು ಹೇಗೆ?" ಅಂದಳು. ಆದರೂ ಕೂತಳು. ಬಟ್ಟೆಯ ಚೂರುಗಳನ್ನು ಜೋಡಿಸಿದಳು, ಪಿನ್ನು ಚುಚ್ಚಿದಳು, ಹೊಲಿದಳು. ಆಮೇಲೆ ಪರದೆ ಓದಲು ಬಗ್ಗಿ, ಕೀಲಿಮಣೆಯ ಎಡಮೂಲೆಗೆ ಕೈ ಊರಿದಳು. ಪರದೆ ಕಪ್ಪಾಯಿತು.

"ನೋಡಿದ್ಯಾ? ನಾನೇನಾದ್ರೂ ಒತ್ತಿದ್ನಾ?"

ಒತ್ತಿರಲಿಲ್ಲ. ನಾನು ಅವಳನ್ನು ಎಬ್ಬಿಸಿ, ಅದೇ ಜಾಗದಲ್ಲಿ ನನ್ನ ಕೈ ಊರಿದೆ. ಏನೂ ಆಗಲಿಲ್ಲ. ಅವಳ ಬಲಗೈ ಇಡಿಸಿದೆ. ಏನೂ ಇಲ್ಲ. ಎಡಗೈ ಇಟ್ಟಳು, ಆರಿತು. ಆ ಕೈಯನ್ನೇ ಹಿಡಿದು ತಿರುಗಿಸಿ ನೋಡಿದೆ. ಮಣಿಕಟ್ಟಿನ ಪಟ್ಟಿಯ ಮೇಲೆ ಗುಂಡುಪಿನ್ನುಗಳು ಮುಳ್ಳುಹಂದಿಯಂತೆ ನಿಂತಿದ್ದವು.

"ಆರ್ಡಿಸ್, ಈ ಪಿನ್ನುಗಳು ಬೀಳದೇ ಇರೋದು ಹೇಗೆ?"

"ಅಯಸ್ಕಾಂತ ಇದೆ ಒಳಗೆ. ಯಾಕೆ?"

ನಾನು ಪಟ್ಟಿಯನ್ನು ಬಿಚ್ಚಿಸಿ, ಅದೊಂದನ್ನೇ ಆ ಮೂಲೆಗೆ ಹಿಡಿದೆ. ಯಾರ ಕೈಯೂ ತಾಗದೆ ಪರದೆ ಆರಿತು. ತೆಗೆದು ಗುಂಡಿ ಒತ್ತಿದೆ, ಬೆಳಗಿತು. ಮುಚ್ಚಳದ ಅಂಚಿನಲ್ಲೂ ಸಣ್ಣದೊಂದು ಅಯಸ್ಕಾಂತ ಇರುತ್ತದೆ. ಅದು ಕೀಲಿಮಣೆಯ ಈ ಮೂಲೆಯ ಹತ್ತಿರ ಬಂದರೆ, ಮುಚ್ಚಳ ಮುಚ್ಚಿತು ಎಂದು ತಿಳಿದು ಯಂತ್ರ ಮಲಗುತ್ತದೆ. ಆರ್ಡಿಸ್ ಕೈ ಊರಿದಾಗಲೆಲ್ಲ ಅದಕ್ಕೆ ಹಾಗೇ ಅನಿಸುತ್ತಿತ್ತು. ಚರ್ಚಿಗೆ ಹೋಗುವಾಗ ಪಿನ್ನಿನ ಪಟ್ಟಿ ಕಟ್ಟಿಕೊಂಡು ಯಾರು ಹೋಗುತ್ತಾರೆ? ಬ್ಯಾಟರಿಯೂ ಪಟ್ಟಿಯೂ ಒಂದೇ ವಾರ ಬಂದವು, ನಾವು ಬ್ಯಾಟರಿಯನ್ನು ಹಿಡಿದುಕೊಂಡೆವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆರ್ಡಿಸ್ ಮಾತ್ರ ಪಟ್ಟಿಯನ್ನು ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ನೋಡುತ್ತಲೇ ಇದ್ದಳು.

ಅಷ್ಟರಲ್ಲಿ ಡೆನೀಸ್ ಬಂದಳು. ಕ್ಲಾಸು ಬಿಟ್ಟುಕೊಡುವ ಮಾತನ್ನು ಅಮ್ಮ ಒಬ್ಬಳೇ ಹೇಳಬಾರದೆಂದು ರಜೆ ಹಾಕಿ ಬಂದಿದ್ದಳು, ಪಾಪ. ನಾನು ಪಟ್ಟಿ ಹಿಡಿದು ತೋರಿಸಿದೆ. ಅವಳು ಕಣ್ಣರಳಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಅಮ್ಮಾ, ಇಷ್ಟೇನಾ! ನಾನು ಕೊಟ್ಟಿದ್ದೇ ನಿನ್ನ ಹೀಗೆ ಆಡಿಸ್ತಿತ್ತಾ!"

ಆರ್ಡಿಸ್ ನಗಲಿಲ್ಲ. ಪಟ್ಟಿಯನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟು ಕೂತಳು.

"ನಾನು ದಿನಾ ಮಲಗುವಾಗ ನಿನ್ನ ಮಕ್ಕಳ ಹೆಸರು ಹೇಳ್ಕೊಂಡು ಮಲಗ್ತಿದ್ದೆ ಡೆನೀಸ್," ಅಂದಳು. "ಅವರು ಹುಟ್ಟಿದ ದಿನ. ನಿಮ್ಮಪ್ಪ ಹೋದ ದಿನ. ಬೆಳಿಗ್ಗೆ ಎದ್ದು ಮತ್ತೆ ಹೇಳಿ ನೋಡ್ತಿದ್ದೆ, ಎಲ್ಲಾ ಇದೆಯಾ ಅಂತ. ಒಂದಿನ ಒಂದು ಹೆಸರು ಬರದಿದ್ರೆ ಏನು ಮಾಡೋದು ಅಂತ ಹೆದರ್ತಿದ್ದೆ."

ಡೆನೀಸಳ ನಗು ನಿಂತಿತು. "ಇಷ್ಟು ದಿನ ನನಗೆ ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ನಲ್ಲೇ. ನಾನೇನೂ ಒತ್ತಲಿಲ್ಲ ಅಂತ ಪ್ರತಿ ಸಲ ಹೇಳಿದೆ."

ಪರದೆಯ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಮೊದಲು ಇರ್ಮಾ. ಆರ್ಡಿಸ್ ಅವಳ ಸೊಂಟ ಹೇಗಿದೆ ಎಂದು ಕೇಳಿ, ಇವತ್ತು ಮೂಲೆ ಮಡಚುವುದನ್ನು ಇನ್ನೊಮ್ಮೆ ತೋರಿಸುತ್ತೇನೆ, ಜಾನೆಲ್ ಗಮನವಿಟ್ಟು ನೋಡಲಿ ಅಂದಳು. ಡೆನೀಸ್ ಸದ್ದಾಗದಂತೆ ಎದ್ದು ಅಡುಗೆಮನೆಗೆ ಹೋದಳು. ಸೋಮವಾರ ನಾವು ಬರುವುದಿಲ್ಲ ಎಂದು ಅವಳು ಡಾಕ್ಟರ ಕಡೆಯವರಿಗೆ ಫೋನಿನಲ್ಲಿ ಹೇಳುವುದು ನನಗೆ ಕೇಳಿಸಿತು.