ಆಡಿಟ್ ದಿನದ ದರ್ಶನ

ತೆಲುಗು ನಾಡಿನ ಪರವಾಡದ ಆ ಔಷಧಿ ಕಾರ್ಖಾನೆಗೆ ವಿದೇಶದಿಂದ ಆಡಿಟ್‌ನವರು ತಪಾಸಣೆಗೆ ಬರುತ್ತಾರೆಂದರೆ ಮದುವೆ ಮನೆಯ ಸಡಗರ. ಗೇಟಿಗೆ ಹೊಸ ಬಣ್ಣ, ದಾರಿಯ ಎರಡೂ ಬದಿಗೆ ನರ್ಸರಿಯಿಂದ ಬಾಡಿಗೆಗೆ ತಂದ ಹೂವಿನ ಕುಂಡ, ಬೀಗ ಹಾಕಿಟ್ಟ ಸ್ಟೋರಿನಿಂದ ಮೂಗು ಬಾಯಿ ಮುಚ್ಚುವ ಒಳ್ಳೆಯ ಮಾಸ್ಕುಗಳು. ಆಡಿಟ್‌ನವರ ಕಾರು ವಾಪಸ್ ಗೇಟು ದಾಟಿತೋ ಇಲ್ಲವೋ, ಕುಂಡಗಳು ನರ್ಸರಿಗೆ, ಮಾಸ್ಕುಗಳು ಮರಳಿ ಸ್ಟೋರಿಗೆ. ಹೊರಗೆ ಥಳಕು, ಒಳಗೆ ಹುಳುಕು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಸರಿ, ಗೋಡೆಗೆ ಬಣ್ಣ ಬಳಿಯಬಹುದು. ಮನುಷ್ಯರಿಗೇನು ಬಳಿಯುವುದು? ಪೌಡರ್ ಸೆಕ್ಷನ್ನಿನ ಕಾಂಟ್ರಾಕ್ಟ್ ಕೆಲಸಗಾರರಲ್ಲಿ ಕೆಲವರಿಗೆ ಅಂಗೈಯ ಚರ್ಮ ಸುಲಿದುಹೋಗಿತ್ತು. ಕೆಲವರಿಗೆ ಕೆಮ್ಮು ಹಿಡಿಯಿತೆಂದರೆ ಬಿಡುತ್ತಿರಲಿಲ್ಲ. ಅಂಥವರು ಆಡಿಟ್‌ನವರ ಕಣ್ಣಿಗೆ ಬೀಳುವಂತಿರಲಿಲ್ಲ. ಮೊದಲೆಲ್ಲ ಅವರಿಗೆ ಸಂಬಳವಿಲ್ಲದ ರಜೆ ಕೊಟ್ಟು ಮನೆಗಟ್ಟುತ್ತಿದ್ದರು. ಅವರು ಗೇಟಿನ ಹೊರಗೆ ನಿಂತು ಗಲಾಟೆ ಮಾಡುತ್ತಿದ್ದರು.

ಇದಕ್ಕೆ ಉಪಾಯ ಹೇಳಿದವನು ಧನಂಜಯ. ಮಧುಗಿರಿಯವನು, ಎಚ್.ಆರ್. ವಿಭಾಗಕ್ಕೆ ಆಗಷ್ಟೇ ಸೇರಿದ್ದ. "ಸರ್, ರಜೆ ಅಂತ ಯಾಕೆ ಹೇಳಬೇಕು? ವಿಜಯವಾಡದ ದುರ್ಗಮ್ಮನ ದರ್ಶನ ಅನ್ನೋಣ. ಕಂಪನಿ ಖರ್ಚಲ್ಲಿ ಒಂದು ಬಸ್ಸು, ಊಟ, ಸಂಬಳಾನೂ ಕೊಡೋಣ. ಕುಣಿದುಕೊಂಡು ಹೋಗ್ತಾರೆ" ಎಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಉಪಾಯ. ಫ್ಯಾಕ್ಟರಿ ಮ್ಯಾನೇಜರ್ ಜಗನ್ಮೋಹನ್ ಕುರ್ಚಿಯಿಂದೆದ್ದು ಬಂದು ಬೆನ್ನು ತಟ್ಟಿದರು. ಬಡ್ತಿಯೂ ಸಿಕ್ಕಿತು. 'ಕಾರ್ಮಿಕ ಕಲ್ಯಾಣ ಯಾತ್ರೆ' ಅಂತ ಕಂಪನಿಯ ಪತ್ರಿಕೆಯಲ್ಲಿ ಅವನ ಫೋಟೋ ಬೇರೆ ಬಂತು. ಅದನ್ನು ಅವನು ಊರಿಗೆ ಕಳಿಸಿದ. ಅವನಮ್ಮ ಬೀದಿಗೆಲ್ಲ ತೋರಿಸಿಕೊಂಡು ಬಂದಳು. ಮಗ ಜನರನ್ನು ದೇವರ ಹತ್ತಿರ ಕರೆದುಕೊಂಡು ಹೋಗುತ್ತಾನೆಂದರೆ ಯಾವ ತಾಯಿಗೆ ಹೆಮ್ಮೆಯಿಲ್ಲ?

ಎರಡು ಸಾವಿರದ ಏಳರಲ್ಲಿ ಹೊರಟಿದ್ದು ಮೂರನೆಯ ಯಾತ್ರೆ. ಬೆಳಗಾಗುವ ಹೊತ್ತಿಗೆ ಬಸ್ಸು ವಿಜಯವಾಡ ಸೇರಿತು. ಎಲ್ಲರೂ ಕೃಷ್ಣೆಯಲ್ಲಿ ಮುಳುಗೆದ್ದು, ಒದ್ದೆ ಕೂದಲಲ್ಲೇ ಬೆಟ್ಟ ಹತ್ತತೊಡಗಿದರು. ಪೌಡರ್ ಸೆಕ್ಷನ್ನಿನ ಕೆಂಪಣ್ಣ ಮಾತ್ರ ಹಿಂದೆ ಬಿದ್ದ. ಪಾವಗಡದ ಕಡೆಯವನು, ಧನಂಜಯನಿಗಿಂತ ತುಂಬಾ ದೊಡ್ಡವನು. ತೆಲುಗು ಕನ್ನಡ ಎರಡೂ ಅವನಿಗೆ ಮನೆಮಾತೇ. ಬಾಯಿಗೆ ಟವೆಲು ಒತ್ತಿಕೊಂಡು ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ. ನಮ್ಮ ಕಡೆಯವನಲ್ಲವೇ ಅಂತ ಧನಂಜಯ ಜೊತೆಗೆ ನಿಂತ.

"ಆಸ್ಪತ್ರೆಗೆ ತೋರಿಸಿದ್ರಾ ಕೆಂಪಣ್ಣ?"

"ಯಾಕೆ ಸಾ?" ಕೆಂಪಣ್ಣ ಟವೆಲು ತೆಗೆದು ನಕ್ಕ. "ನಮ್ಮ ಮನೆಯೋಳು ತುಳಸಿ ಮೊದಲನೇ ಸಲಾನೇ ಕಂಡುಹಿಡಿದ್ಲು. ನೋಡು, ಗಟ್ಟಿಯಾಗಿರೋರನ್ನ ಕೆಲಸಕ್ಕೆ ಇಟ್ಕಂಡು, ಕಾಯಿಲೆಯೋರನ್ನೇ ಹುಡುಕಿ ಹುಡುಕಿ ಅಮ್ಮನ ಹತ್ರ ಕಳಿಸ್ತಾವ್ರೆ, ವಾಸಿಯಾಗ್ಲಿ ಅಂತ, ಅಂದ್ಲು. ಯಾವ ಕಂಪನಿಯೋರು ಮಾಡ್ತಾರೆ ಸಾ ಇದ್ನ? ಔಷಧಿ ಮಾಡೋರೇ ಅಮ್ಮನ ಕಾಲು ಹಿಡೀರಿ ಅಂದ ಮ್ಯಾಲೆ ಔಷಧಿಲಿ ಏನೈತೆ? ನನ್ನ ಭಾವಮೈದ ದೊಡ್ಡಾಸ್ಪತ್ರೆಗೆ ಹೋಗಾನ ಬಾ ಅಂತ ಕರೆದ. ಬ್ಯಾಡ ಅಂದೆ. ಮೂರು ಸಲ ಅಮ್ಮನ್ನ ನೋಡ್ತೀನಿ ಅಂತ ಹರಕೆ ಹೊತ್ತಿದೀನಿ."

ಧನಂಜಯ ಇವರನ್ನು ಬಚ್ಚಿಟ್ಟಿದ್ದ, ಇವರು ಅದನ್ನು ಕರುಣೆ ಅಂದುಕೊಂಡಿದ್ದರು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದನೇನೋ. ಆ ನಂಬಿಕೆಯ ಮೇಲೆ ಈ ಮನುಷ್ಯ ಆಸ್ಪತ್ರೆಗೆ ಹೋಗದೆ ಕೆಮ್ಮುತ್ತಲೇ ಇದ್ದುಬಿಟ್ಟಿದ್ದಾನಲ್ಲ. ಹೇಳಿಬಿಡಲೇ ಅಂದುಕೊಂಡ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ಅದೇ ಸಾಕೆಂಬಂತೆ ಅವನೂ ಸರಿದ. ಹೇಡಿಗೆ ನೆಪಕ್ಕೇನು ಬರ.

ಅರ್ಚನೆಯ ಹತ್ತಿರ ಪೂಜಾರಿ ಯಾರ ಹೆಸರಿಗೆ ಅಂತ ಕೇಳಿದರು. ಕೆಂಪಣ್ಣ ಕಂಪನಿಯ ಹೆಸರು ಹೇಳಿದ.

"ಕಂಪನಿಗೆ ಗೋತ್ರ ಎಲ್ಲಿಂದ ತರಲಯ್ಯಾ?" ಪೂಜಾರಿ ನಕ್ಕರು.

ಕೆಂಪಣ್ಣ ಧನಂಜಯನ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದ. "ಈ ಸಾರ್‌ದು ಹಾಕ್ಕಳಿ. ನಮಗೆ ಇವರೇ ಕಂಪನಿ."

ಆ ಅಂಗೈ ಮರಳುಕಾಗದದ ಹಾಗೆ ಧನಂಜಯನ ಕೈಗೆ ತಾಗಿತು. ಭಾರದ್ವಾಜ ಅಂದ, ತನಗೇ ಕೇಳಿಸದಷ್ಟು ಮೆಲ್ಲಗೆ. ತಲೆಯೆತ್ತಿ ಅಮ್ಮನವರ ಮುಖ ನೋಡಲು ಅವನಿಂದಾಗಲಿಲ್ಲ.

ಕೆಳಗಿಳಿಯುವಾಗ ಕೆಂಪಣ್ಣ ಕೆಮ್ಮಿ ಕೆಮ್ಮಿ ಮೆಟ್ಟಿಲ ಮೇಲೆ ಕುಸಿದ. ಟವೆಲಿನಲ್ಲಿ ರಕ್ತ. "ಕುಂಕುಮ ಸಾ, ಈಗ ಹಚ್ಕಂಡ್ನಲ್ಲ" ಅಂತ ಮಡಚಿಕೊಂಡ. ಧನಂಜಯ ಜಗನ್ಮೋಹನ್‌ರಿಗೆ ಫೋನ್ ಮಾಡಿ ವಿಷಯ ಹೇಳಿದ.

"ಒಳ್ಳೇದೇ ಆಯ್ತು, ನಾನೇ ಮಾಡಬೇಕೂಂತಿದ್ದೆ" ಅಂದರು ಅವರು. "ಆಡಿಟ್ ನಾಳೆಗೂ ಇದೆ. ಬಸ್ಸನ್ನ ಹಾಗೇ ಮಂಗಳಗಿರಿಗೆ ಕಳಿಸು, ನರಸಿಂಹಸ್ವಾಮಿಯನ್ನೂ ನೋಡಿಕೊಂಡು ಬರಲಿ. ಅವನನ್ನ ಎಲ್ಲಾದರೂ ಆಸ್ಪತ್ರೆಗೆ ತೋರಿಸು. ಕಂಪನಿ ಹೆಸರು ಮಾತ್ರ ಬರಬಾರದು. ಗೊತ್ತಾಯ್ತಲ್ಲ?"

"ಆಯ್ತು ಸರ್."

ಅಷ್ಟು ಸಲೀಸಾಗಿ ಬಂತು ಆ ಮಾತು. ಬಸ್ಸನ್ನು ಮಂಗಳಗಿರಿಗೆ ಕಳಿಸಿ, ಆಟೋದಲ್ಲಿ ಕೂತು ಕೆಂಪಣ್ಣನಿಗೆ ಪಾಠ ಹೇಳಿಕೊಟ್ಟ: "ಏನು ಕೆಲಸ ಅಂತ ಕೇಳಿದ್ರೆ, ಇಲ್ಲೇ ಆಟೋನಗರದಲ್ಲಿ ಲಾರಿಗೆ ಬಣ್ಣ ಹೊಡೆಯೋದು ಅಂತ ಹೇಳಿ." ಯಾಕೆ ಅಂತ ಕೆಂಪಣ್ಣ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಿಕ್ಕಿದ ಆಸ್ಪತ್ರೆಯಲ್ಲಿ ದಕ್ಷಿಣಾಮೂರ್ತಿ ಎಂಬ ವಯಸ್ಸಾದ ಡಾಕ್ಟರು. ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನು ಕೆಲಸ ಅಂತ ತೆಲುಗಿನಲ್ಲಿ ಕೇಳಿದರು. ಕೆಂಪಣ್ಣ ತೆಲುಗಿನಲ್ಲೇ ಶುರುಮಾಡಿದ: ಆಟೋನಗರ, ಲಾರಿ, ಬಣ್ಣ. ಕೇಳದಿದ್ದರೂ ಶೆಡ್ಡಿನ ಮಾಲೀಕನಿಗೊಂದು ಹೆಸರಿಟ್ಟ. ಲಾರಿಯ ಹಿಂದೆ ತಾನು ಬರೆಯುವ ಗಿಳಿ, ತಾವರೆಗಳನ್ನೂ ವರ್ಣಿಸಿದ.

ಡಾಕ್ಟರು ಅವನ ಕೈಯನ್ನು ಮಗುಚಿ ನೋಡಿದರು. "ಬಣ್ಣ ಹೊಡೆಯುವವನ ಉಗುರಿನ ಸಂದಿಯಲ್ಲಿ ಒಂದು ಚೂರೂ ಬಣ್ಣ ಇಲ್ಲವಲ್ಲಯ್ಯಾ. ಈ ಎದೆಗೆ ಏನು ಹೊಕ್ಕಿದೆ ಅಂತ ಗೊತ್ತಾಗದೆ ಔಷಧಿ ಕೊಟ್ಟರೆ, ನಿನ್ನನ್ನು ನಾನೇ ಕೊಂದ ಹಾಗೆ. ನಿಜ ಹೇಳು."

"ಬಣ್ಣಾನೇ ಸಾರ್, ಅಮ್ಮನಾಣೆ" ಅಂದ ಕೆಂಪಣ್ಣ. ಅಂದು, ಧನಂಜಯನ ಕಡೆ ತಿರುಗಿದ. ಒಪ್ಪಿಸಿದ ಪಾಠ ಸರಿಯಾಯಿತಾ ಅಂತ ಮೇಷ್ಟ್ರ ಮುಖ ನೋಡುವ ಮಗುವಿನ ನೋಟ. ಹಣೆಯಲ್ಲಿ ಕುಂಕುಮ ಇನ್ನೂ ಆರಿರಲಿಲ್ಲ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಧನಂಜಯನಿಗೆ. ಭೂಮಿ ಬಿಡಲಿಲ್ಲ, ಕೊನೆಗೆ ಅವನೇ ಬಿಡಬೇಕಾಯಿತು. ಕಾರ್ಖಾನೆಯ ಹೆಸರು ಹೇಳಿದ, ಪೌಡರಿನ ಹೆಸರು ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. ಮಾಸ್ಕು ಆಡಿಟ್ ದಿನ ಮಾತ್ರ ಹೊರಗೆ ಬರುತ್ತದೆ, ಆ ದಿನ ಇವರು ಅಲ್ಲಿರುವುದಿಲ್ಲ, ಇರಬಾರದು ಅಂತಲೇ ನಾನು ಇವರನ್ನು ಬಸ್ಸು ಹತ್ತಿಸುತ್ತೇನೆ, ಈ ದರ್ಶನದ ಉಪಾಯ ನನ್ನದೇ ಅಂದ. ಎಲ್ಲವನ್ನೂ ತೆಲುಗಿನಲ್ಲಿ, ತಲೆ ತಗ್ಗಿಸಿಕೊಂಡು ಹೇಳಿದ.

ಡಾಕ್ಟರು ಅವನನ್ನು ಒಮ್ಮೆ ನೋಡಿದರು, ಅಷ್ಟೆ. ಆಮೇಲೆ ಅವನು ಆ ಕೋಣೆಯಲ್ಲಿ ಇಲ್ಲವೇ ಇಲ್ಲವೆಂಬಂತೆ ಎಲ್ಲವನ್ನೂ ಬರೆದುಕೊಂಡರು. ಕೆಂಪಣ್ಣನನ್ನು ಈಗಲೇ ಸೇರಿಸಿಕೊಳ್ಳಬೇಕು, ಉಳಿಯಬಹುದು, ಇನ್ನೂ ಮೊದಲೇ ಬಂದಿದ್ದರೆ ಇಷ್ಟು ಕಷ್ಟವಿರಲಿಲ್ಲ ಅಂತ ನರ್ಸಿಗೆ ಹೇಳುತ್ತಾ ಹೊರಗೆ ಹೋದರು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಜಗನ್ಮೋಹನ್‌ರದ್ದೇ ಇರಬೇಕು. ಧನಂಜಯ ತೆಗೆಯಲಿಲ್ಲ. ಕೆಲಸ ಹೋಯಿತೆಂದೇ ಲೆಕ್ಕ. ವಿಚಿತ್ರವೆಂದರೆ ಅದರ ಹೆದರಿಕೆ ಅವನಿಗೆ ಇನ್ನೂ ತಟ್ಟಿರಲಿಲ್ಲ. ಕೆಂಪಣ್ಣ ಈಗ ಬೈಯುತ್ತಾನೆ, ಬೈದರೆ ಸಾಕು ಅಂತ ಕಾಯುತ್ತಾ ನಿಂತ.

ಕೆಂಪಣ್ಣ ಮಂಚದ ಅಂಚಿನಲ್ಲಿ ಕೂತು, ಮಡಚಿದ ಟವೆಲನ್ನು ತೊಡೆಯ ಮೇಲೆ ಮತ್ತೆ ಮತ್ತೆ ಮಡಚುತ್ತಿದ್ದ. ತಲೆ ಎತ್ತಲಿಲ್ಲ. ನಾಚಿಕೆಪಡಬೇಕಾದವನು ತಾನೇ ಎಂಬಂತೆ ಕೂತಿದ್ದ. ಹಾಗೇ ಮಡಚುತ್ತಾ, ಮೆಲ್ಲಗೆ ಕನ್ನಡದಲ್ಲಿ ಹೇಳಿದ:

"ಒಂದು ಮಾತು ಸಾ. ಇದ್ನ ತುಳಸಿಗೆ ಮಾತ್ರ ಹೇಳ್ಬ್ಯಾಡ್ರಿ. ಅವಳು ದಿನಾ ಸಂಜೆ ನಿಮ್ಮ ಹೆಸರಲ್ಲಿ ದೀಪ ಹಚ್ತಾಳೆ."