ಶೋಶಮ್ಮನ ಸಿಟ್ಟು

ಕಾರು ಗೇಟಿನ ಮುಂದೆ ನಿಂತು ಹಾರನ್ ಹೊಡೆಯುತ್ತಲೇ ಇತ್ತು. ರಾಹೇಲ್ ಮಾತ್ರ ಬಾವಿಕಟ್ಟೆಯ ಪಕ್ಕ ಮಣೆ ಹಾಕಿಕೊಂಡು ಕೂತು ನಿಧಾನವಾಗಿ ಮೀನು ಹೆರೆಯುತ್ತಿದ್ದಳು.

“ಎಡೀ, ಏಳೇ! ದೊಡ್ಡಾಸ್ಪತ್ರೇಲಿ ಒಂದು ಹಾಸಿಗೆ ಸಿಗೋಕೆ ಯಾರ್‍ಯಾರ ಕಾಲು ಹಿಡಿದಿದ್ದೀನಿ ಗೊತ್ತಾ?” ಅಕ್ಕ ಶೋಶಮ್ಮ ಕಿರುಚಿದಳು.

“ಹಿಡಿದ ಕಾಲು ಬಿಟ್ಟುಬಿಡು ಚೇಚ್ಚಿ. ಬರಲ್ಲ ಅಂತ ಮೊನ್ನೇನೇ ಹೇಳಿದೆನಲ್ಲ.”

ಶೋಶಮ್ಮ ಕುವೈತಿನಲ್ಲಿ ನರ್ಸಾಗಿ ದುಡಿದು ಕೋಟ್ಟಯಂಗೆ ಮರಳಿದವಳು. ವಾರ್ಡಿನಲ್ಲಿ ಅವಳು ಕಣ್ಣು ಬಿಟ್ಟರೆ ಸಾಕು, ಎಂಥ ಹಟಮಾರಿ ರೋಗಿಯೂ ಮಾತ್ರೆ ನುಂಗುತ್ತಿದ್ದ. ಈಗ ಒಡಹುಟ್ಟಿದ ತಂಗಿಯೇ ತಿರುಗಿಬಿದ್ದಿದ್ದಳು. ಕ್ಯಾನ್ಸರ್ ಮರುಕಳಿಸಿತ್ತು. ಇನ್ನೊಂದು ಸುತ್ತು ಔಷಧಿ ಕೊಟ್ಟರೆ ಕೆಲವು ತಿಂಗಳು ಹೆಚ್ಚಿಗೆ ಸಿಕ್ಕೀತು, ವಾಸಿಯಂತೂ ಆಗದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ರಾಹೇಲ್ ಸಾಕು ಅಂದಿದ್ದಳು.

ಶೋಶಮ್ಮ ಮೀನಿನ ಬಕೆಟ್ಟನ್ನು ಒದ್ದು ಕಾರು ಹತ್ತಿದಳು. ಹೋದದ್ದು ನೇರ ಇಗರ್ಜಿಗೆ. ಅಲ್ಲಿ ಹೊಸದಾಗಿ ಬಂದಿದ್ದ ಗೀವರ್ಗೀಸ್ ಅಚ್ಚನ್, ಮನಸ್ಸು ಕೆಟ್ಟು ಬಂದವರನ್ನು ಕೂರಿಸಿಕೊಂಡು ಮಾತಾಡಿಸುವುದಕ್ಕೆಂದೇ ಓದಿ ಬಂದ ಪಾದ್ರಿ.

“ಅಚ್ಚಾ, ಬಂದು ಅವಳಿಗೆ ಬುದ್ಧಿ ಹೇಳಿ. ಹೀಗೆ ಸಾಯೋದು ಪಾಪ ಅನ್ನಿ.”

“ಅಮ್ಮಚ್ಚಿ, ಅವರಿಗೆ ಗುಣವಾಗಲಿ ಅಂತ ಪ್ರಾರ್ಥನೆ ಮಾಡ್ತಿದ್ದೀರೋ, ಅವರು ನಿಮ್ಮ ಮಾತು ಕೇಳಲಿ ಅಂತಲೋ?”

ಶೋಶಮ್ಮನಿಗೆ ಮೈಯೆಲ್ಲ ಉರಿಯಿತು. “ನಿಮಗಿನ್ನೂ ಗಡ್ಡ ನೆಟ್ಟಗೆ ಬಂದಿಲ್ಲ! ನೀವು ಅಂಬೆಗಾಲಿಡೋವಾಗ ನಾನು ಸತ್ತವರ ಕಣ್ಣು ಮುಚ್ಚಿಸ್ತಿದ್ದೆ.” ಬಾಗಿಲು ದಡಾರನೆ ಬಡಿದು ಹೊರಟುಹೋದಳು.

ಮುಂದಿನ ವಾರ ಮತ್ತೆ ಬಂದಳು. ಬಯ್ಯುವುದು ಇನ್ನೂ ಬಾಕಿ ಉಳಿದಿತ್ತು.

“ಬಿಟ್ಟುಬಿಡಿ ಅನ್ನೋಕೆ ನಿಮ್ಮ ಗಂಟೇನು ಹೋಗುತ್ತೆ? ಸಾಯ್ತಿರೋಳು ನನ್ನ ತಂಗಿ.”

“ತಂಗೀನ ಬಿಡಿ ಅನ್ನಲ್ಲ ಅಮ್ಮಚ್ಚಿ. ಹಟ ಬಿಡಿ ಅಂತೀನಿ. ಅವರ ದೇಹ ಅವರದು, ಆಯಸ್ಸು ದೇವರದು. ಎರಡೂ ನಿಮ್ಮ ಕೈಲಿಲ್ಲ.”

“ಹಾಗಾದ್ರೆ ಈ ಸಿಟ್ಟನ್ನ ಎಲ್ಲಿ ಹಾಕಲಿ?”

“ದೇವರ ಮೇಲೆ ಹಾಕಿ. ಎಲ್ಲಿ ಹೋಗಿದ್ದೆ, ಯಾಕೆ ಮುಖ ತಿರುಗಿಸ್ಕೊಂಡೆ ಅಂತ ಬೈಬಲಿನ ಕೀರ್ತನೆಗಳಲ್ಲೇ ಜಗಳ ಇಲ್ವಾ? ಆತ ತಡ್ಕೋತಾನೆ. ರಾಹೇಲ್ ಚೇಚ್ಚಿಗೆ ಇದನ್ನೂ ಹೊರೋ ಶಕ್ತಿ ಎಲ್ಲಿದೆ?”

ಶೋಶಮ್ಮ ಮಂಡಿಯೂರಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಕುರ್ಚಿಯಲ್ಲಿ ಸೆಟೆದು ಕೂತು ಬಾಯಿಗೆ ಬಂದಂತೆ ದೇವರನ್ನು ಬೈದಳು. ಗಂಟಲು ಕಟ್ಟುವವರೆಗೂ ಬೈದಳು. ಅಚ್ಚನ್ ಒಮ್ಮೆಯೂ ತಡೆಯಲಿಲ್ಲ. ಕೊನೆಗೆ ಆಮೆನ್ ಅಂದ, ಅಷ್ಟೇ.

ಸಂಜೆ ತಂಗಿಯ ಮನೆಗೆ ಹೋದಾಗ ಆಸ್ಪತ್ರೆಯ ಮಾತೆತ್ತಲಿಲ್ಲ. ಬೇಯಿಸಿದ ಮರಗೆಣಸನ್ನು ತಟ್ಟೆಗೆ ಹಾಕಿ ರಾಹೇಲಳ ಮುಂದಿಟ್ಟಳು.

“ಏನು, ಇವತ್ತು ಬಯ್ಗುಳ ಇಲ್ವಾ?”

“ಎಲ್ಲಾ ಬೈದು ಬಂದೆ. ನೀನು ಸಾಯ್ತೀಯಲ್ಲೇ, ಅದಕ್ಕೆ ನನಗೆ ಸಿಟ್ಟು.”

ರಾಹೇಲ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. “ನನಗಿಲ್ವಾ ಸಿಟ್ಟು? ಬಂದೋರೆಲ್ಲ ಧೈರ್ಯ ತಗೋ ಅಂತಾರೆ. ಒಂದು ದಿನ ಮನಸಾರೆ ಅಳೋಣ ಅಂದ್ರೆ ನೀನು ಕಾರು ತಂದು ನಿಲ್ಲಿಸ್ತೀಯ!”

ಅವತ್ತು ಅಕ್ಕತಂಗಿಯರಿಬ್ಬರೂ ಸೇರಿ ಅತ್ತರು. ಮರುದಿನ ಶೋಶಮ್ಮ ಫೋನು ಮಾಡಿ ಹಾಸಿಗೆ ಬೇಡವೆಂದಳು. ಅಂದಿನಿಂದ ತಂಗಿಯ ಬೆನ್ನು ಒರೆಸುವುದು, ಮಗ್ಗುಲು ತಿರುಗಿಸುವುದು, ಹೊತ್ತಿಗೆ ಸರಿಯಾಗಿ ನೋವಿನ ಮದ್ದು ಕೊಡುವುದು ಎಲ್ಲ ಅವಳದೇ. ಕೆಲವು ದಿನ ನಾಲಿಗೆ ತುದಿಗೆ ಆಸ್ಪತ್ರೆಯ ಮಾತು ಬಂದುಬಿಡುತ್ತಿತ್ತು. ಆಗೆಲ್ಲ ಎದ್ದು ಹಿತ್ತಲಿಗೆ ಹೋಗಿ ದೇವರ ಜೊತೆ ಜಗಳ ಆಡಿ ಬರುತ್ತಿದ್ದಳು.

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ ರಾಹೇಲ್ ತನ್ನ ಮಂಚದ ಮೇಲೆಯೇ ತೀರಿಕೊಂಡಳು. ಮಣ್ಣು ಮಾಡಿ ಬರುವಾಗ ಸೋದರತ್ತೆ ಎಲ್ಲರೆದುರು ಅಂದಳು, “ನೀನು ಎಳೆದುಕೊಂಡು ಹೋಗಿದ್ರೆ ಈಸ್ಟರ್ ನೋಡ್ತಿದ್ದಳು.”

“ಅವಳೇನು ಹಸುವಾ, ಎಳೆದುಕೊಂಡು ಹೋಗೋಕೆ?” ಶೋಶಮ್ಮ ಗದರಿದಳು. “ಬರಲ್ಲ ಅಂದಳು, ಮುಗೀತು. ನನಗೂ ಸಿಟ್ಟಿದೆ ಅಮ್ಮಾಯಿ. ಆದ್ರೆ ಅವಳ ಮೇಲಲ್ಲ.”

ಶೋಶಮ್ಮ ಸೀರೆಗೆ ಮೆತ್ತಿದ್ದ ಕೆಂಪು ಮಣ್ಣನ್ನು ಕೊಡವಿಕೊಂಡು ಮನೆಯ ಕಡೆ ನಡೆದಳು.